ರದ್ದಿಗೂ ಒಂದು ವಿಸರ್ಜನೆ

ಕಾಲಿಗೆ ಕಾಗದ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು; ಅದು ಸರಸ್ವತಿ ಎಂಬ ಭಾವನೆ ಇನ್ನೂ ಉಳಿದಿದೆ. ಅದೇ ಕಾಗದ ಓದಿ ಮುಗಿದದ್ದೇ ಹಳಸಿದ ಅನ್ನ, ಚಹಾದ ಚರಟದ ಜೊತೆ ಒಂದೇ ಬುಟ್ಟಿಗೆ ಬೀಳುತ್ತದೆ. ಭಕ್ತಿ ಅಲ್ಲಿಗೆ ಮುಗಿಯಿತೇ? ದೇವರ ಚಿತ್ರವಿದ್ದರಂತೂ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಲಗ್ನಪತ್ರಿಕೆಯ ಗಣಪತಿ, ಹಳೆ ಕ್ಯಾಲೆಂಡರಿನ ಲಕ್ಷ್ಮಿ ರದ್ದಿಗೆ ಹೋಗಬಾರದೆಂದು ಅರಳಿಕಟ್ಟೆಯಲ್ಲಿಟ್ಟು ಬರುತ್ತಾರೆ, ಹೊಳೆಗೆ ಬಿಡುತ್ತಾರೆ. ಈ ಅಳುಕನ್ನು ಹಗುರವಾಗಿ ಕಾಣಬಾರದು. ಆದರೆ ಇದಕ್ಕೆ ಉತ್ತರ ಪೂಜಾಕ್ರಮದಲ್ಲೇ ಇದೆ. ಆವಾಹನೆ ಮಾಡಿ ಪೂಜಿಸಿದ ಮಣ್ಣಿನ ಗಣಪತಿಯನ್ನೇ ನೀರಿಗೆ ಬಿಡುತ್ತೇವೆ. ರೂಪ ಕರಗುವುದನ್ನು ಯಾರೂ ಅಪಚಾರ ಎನ್ನುವುದಿಲ್ಲ. ಆವಾಹನೆಯೇ ಇಲ್ಲದ ಅಚ್ಚಿನ ಚಿತ್ರಕ್ಕೆ ಏಕೆ ಅಂಜಬೇಕು? ಕಾಗದದ ಕಾರ್ಖಾನೆಯಲ್ಲಿ ಆಗುವುದೂ ವಿಸರ್ಜನೆಯೇ. ತೊಟ್ಟಿಯ ನೀರಿನಲ್ಲಿ ಹಾಳೆ ಬಿಚ್ಚಿಕೊಂಡು ತಿರುಳಾಗುತ್ತದೆ, ಗಾಳಿಗುಳ್ಳೆಗಳಿಗೆ ಅಂಟಿದ ಶಾಯಿ ಮೇಲೆದ್ದು ಬೇರೆಯಾಗುತ್ತದೆ, ನಾರು ಮತ್ತೆ ಹಾಳೆಯಾಗುತ್ತದೆ. ಹೊಳೆಗೆ ಬಿಟ್ಟ ಹೊಳಪಿನ ಲಗ್ನಪತ್ರಿಕೆಯಾದರೋ ಪ್ಲಾಸ್ಟಿಕ್ ಪೊರೆಯಿಂದಾಗಿ ಕರಗದೆ ದಡದ ಕೆಸರಿನಲ್ಲಿ ಬಿದ್ದಿರುತ್ತದೆ. ಆ ಪೊರೆ ಕಾರ್ಖಾನೆಗೂ ತೊಡಕೇ. ಅಂಥದ್ದನ್ನು ಅಚ್ಚು ಹಾಕಿಸದಿರುವುದೇ ಲೇಸು.

ಕಾಗದ ಹೀಗೆ ಮರುಹುಟ್ಟು ಪಡೆಯಬೇಕಾದರೆ ನಮ್ಮ ಮನೆಯಿಂದ ಒಣಗಿದ್ದು, ಶುದ್ಧವಾಗಿದ್ದು ಹೊರಡಬೇಕು. ಬೋಂಡಾ ಕಟ್ಟಿದ ಕಾಗದದ ಎಣ್ಣೆ ನಾರಿಗೆ ಹಿಡಿದರೆ ನೀರಿನಲ್ಲಿ ಬಿಡುವುದಿಲ್ಲ. ಅದು ಹಸಿ ಕಸದೊಂದಿಗೆ ಗೊಬ್ಬರವಾಗಲಿ. ಕಾಗದದ ಲೋಟದೊಳಗೆ ಪ್ಲಾಸ್ಟಿಕ್ ಲೇಪವಿದೆ, ಎಟಿಎಂ ಚೀಟಿಗೆ ರಾಸಾಯನಿಕ ಲೇಪವಿದೆ. ಇವು ಪತ್ರಿಕೆ, ನೋಟ್‌ಬುಕ್, ರಟ್ಟಿನ ಜೊತೆ ಸೇರಬಾರದು. ಎಲ್ಲ ಬೆರೆಸಿ ಕೊಟ್ಟರೂ ಅಲ್ಲಿ ಯಾರೋ ಬೇರ್ಪಡಿಸುತ್ತಾರೆ ಎಂಬ ಮಾತಿದೆಯಲ್ಲ, ನನಗೆ ಅತ್ಯಂತ ನೋವು ತರುವುದು ಅದೇ. ಆ ‘ಯಾರೋ’ ಒಬ್ಬ ಪೌರಕಾರ್ಮಿಕ ಮಹಿಳೆ. ನಾವು ಮುಟ್ಟಲು ಹೇಸಿದ್ದರಲ್ಲಿ ಕೈಯಿಟ್ಟು ಕಾಗದ ಹೆಕ್ಕುವವಳು. ನಮ್ಮ ಮೈಲಿಗೆಯನ್ನು ಇನ್ನೊಬ್ಬರ ಕೈಗೆ ದಾಟಿಸಿ ಉಳಿಸಿಕೊಂಡ ಮಡಿಗೆ ಯಾವ ಧರ್ಮದ ಬೆಂಬಲವೂ ಇರಬಾರದು. ಬೆಂಗಳೂರಿನಲ್ಲಿ ಮನೆಯಲ್ಲೇ ಕಸ ಬೇರ್ಪಡಿಸುವ ಎರಡು ಬುಟ್ಟಿ, ಒಂದು ಚೀಲದ ಕ್ರಮಕ್ಕೆ ಹೈಕೋರ್ಟ್ 2015ರಲ್ಲೇ ಆದೇಶಿಸಿತು. ಬೇರ್ಪಡಿಸಿದ್ದನ್ನು ಲಾರಿಯಲ್ಲಿ ಮತ್ತೆ ಬೆರೆಸುತ್ತಾರೆ ಎಂಬ ದೂರು ಕೆಲವೆಡೆ ನಿಜವಿರಬಹುದು. ಹಾಗಿದ್ದರೆ ಪ್ರಶ್ನಿಸಿ, ಜೊತೆಗೆ ಕಾಗದವನ್ನು ಕಟ್ಟು ಕಟ್ಟಿ ಹಳೇ ಪೇಪರಿನವರಿಗೋ ಒಣ ಕಸ ಸಂಗ್ರಹ ಕೇಂದ್ರಕ್ಕೋ ನೇರವಾಗಿ ಕೊಡಿ. ಕಣ್ಣಿಗೊತ್ತಿಕೊಂಡ ಕೈಗಳಿಗೆ ಇಷ್ಟು ಕೆಲಸ ಹೆಚ್ಚಾಗದು.