ಮಗುವಿನ ನೋವಿಗೆ ಯಾರ ಸಹನೆ?

ಮುಂಜಿಯ ನೋವನ್ನು ಮಗು ಸಹಿಸಿಕೊಳ್ಳಲಿ, ಅದೂ ಪುಣ್ಯವೇ ಎನ್ನುವ ಹಿರಿಯರು ಮಡಿಕೇರಿಯ ಕಡೆ ಇನ್ನೂ ಇದ್ದಾರೆ. ಸಬ್ರ್ ದೊಡ್ಡ ಗುಣ, ಸಂಶಯವಿಲ್ಲ. ಆದರೆ ಅದು ತಿಳಿದು ಸಹಿಸುವವನ ಗುಣ. ಪ್ರಾಯಕ್ಕೆ ಬರುವವರೆಗೆ ಶರೀಅತ್ ನಮಾಝನ್ನೇ ಕಡ್ಡಾಯಗೊಳಿಸದ ಮಗುವಿನ ಮೇಲೆ ನಾವು ಸಹನೆಯನ್ನು ಹೊರಿಸುವುದು ಹೇಗೆ? ಇನ್ನೊಬ್ಬರ ನೋವನ್ನು ಸಹಿಸುವುದು ಬಲು ಸುಲಭ! ಮಗುವಿನ ಅಳು ಕೇಳಿಸಿದರೆ, ತಾಯಿಗೆ ಸಂಕಟವಾಗದಿರಲೆಂದು ಪ್ರವಾದಿವರ್ಯರು(ಸ) ನಮಾಝನ್ನೇ ಸಂಕ್ಷಿಪ್ತಗೊಳಿಸುತ್ತಿದ್ದರು.

ಕೂಸುಗಳಿಗೆ ನೋವು ತಿಳಿಯದೆಂದು ಹಿಂದೆ ವೈದ್ಯರೂ ನಂಬಿದ್ದರು. 1980ರ ದಶಕದವರೆಗೆ ಪಾಶ್ಚಾತ್ಯ ಆಸ್ಪತ್ರೆಗಳಲ್ಲೂ ಎಷ್ಟೋ ನವಜಾತ ಶಿಶುಗಳಿಗೆ ಸರಿಯಾದ ಅರಿವಳಿಕೆಯಿಲ್ಲದೆ ಶಸ್ತ್ರಕ್ರಿಯೆ ನಡೆಯುತ್ತಿತ್ತು. ಅದು ತಪ್ಪೆಂದು 1987ರಲ್ಲಿ ಭಾರತೀಯ ಮೂಲದ ಡಾ. ಕೆ.ಜೆ.ಎಸ್. ಆನಂದ್ ಮತ್ತು ಡಾ. ಹಿಕ್ಕಿ ಪುರಾವೆ ಸಹಿತ ಬರೆದರು.

ಈಗ ಮಗುವಿಗೆ ನಿದ್ದೆ ಬರಿಸಿ, ಬೆನ್ನುಮೂಳೆಯ ಕೆಳತುದಿಯಲ್ಲಿ ಒಂದು ಚುಚ್ಚುಮದ್ದು ಕೊಡುವ ಕ್ರಮವಿದೆ. ಸೊಂಟದ ಕೆಳಗೆ ಕೆಲವು ಗಂಟೆ ಮರಗಟ್ಟಿರುತ್ತದೆ; ಎಚ್ಚರವಾದಾಗ ನೋವು ಅಷ್ಟಾಗಿ ಕಾಡುವುದಿಲ್ಲ. ಹರ್ನಿಯಾದಂಥ ಶಸ್ತ್ರಕ್ರಿಯೆಗೂ ಇದು ನಡೆಯುತ್ತದೆ. ಮಡಿಕೇರಿಯಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜೇ ಇದೆ. ಮಗುವಿನ ಹೊಟ್ಟೆ ಎಷ್ಟು ಗಂಟೆ ಖಾಲಿಯಿರಬೇಕು, ಮರಗಟ್ಟುವಿಕೆ ಇಳಿದ ಮೇಲೆ ಯಾವ ಮದ್ದು ಕೊಡಬೇಕು ಎಂಬುದನ್ನು ಅರಿವಳಿಕೆ ತಜ್ಞರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ರಾತ್ರಿ ಮನೆಯಲ್ಲಿ ಮಗು ಅಳತೊಡಗಿದಾಗ ಕೇಳಲು ಯಾರೂ ಸಿಗುವುದಿಲ್ಲ.