ತಾವರೆಯಲ್ಲಿ ಹುಟ್ಟಿದವನಿಗೆ ತಾಯಿ ಯಾರು?

ಒಡ್ಡಿಯಾನದ ಅರಸ ಇಂದ್ರಭೂತಿಗೆ ಇದ್ದೊಬ್ಬ ಮಗನೂ ತೀರಿಕೊಂಡಿದ್ದಾನೆ. ಬರಗಾಲದಲ್ಲಿ ದಾನ ಕೊಟ್ಟು ಕೊಟ್ಟು ಬೊಕ್ಕಸ ಬರಿದಾಗಿದೆ. ಚಿಂತಾಮಣಿಯನ್ನು ಹುಡುಕಿ ಕಡಲಿಗೆ ಹೋದವನು ಅದನ್ನು ಪಡೆದು ಹಿಂದಿರುಗುವಾಗ, ಧನಕೋಶವೆಂಬ ಸರೋವರದ ನಡುವೆ ಅರಳಿದ ಭಾರಿ ತಾವರೆಯೊಂದನ್ನು ಕಾಣುತ್ತಾನೆ. ಅದರ ಮೇಲೆ ಎಂಟು ವರ್ಷದ ಹುಡುಗನೊಬ್ಬ ಕೂತಿದ್ದಾನೆ. ನಿನ್ನ ತಂದೆ ಯಾರು, ತಾಯಿ ಯಾರು, ಯಾವ ದೇಶ, ಏನು ಉಣ್ಣುತ್ತೀ, ಇಲ್ಲೇನು ಮಾಡುತ್ತಿದ್ದೀ ಎಂದು ಅರಸ ಕೇಳುತ್ತಾನೆ. ತಂದೆ ಅರಿವು, ತಾಯಿ ಎಲ್ಲವನ್ನೂ ಒಳಗೊಂಡ ಬಯಲು, ದೇಶವೆಂಬುದಿಲ್ಲ, ಉಣ್ಣುವುದು ಇಬ್ಬಗೆಯ ಆಲೋಚನೆಗಳನ್ನು, ಮಾಡುತ್ತಿರುವುದು ಕ್ಲೇಶಗಳನ್ನು ಕೊಲ್ಲುವ ಕೆಲಸ ಎಂಬ ಅರ್ಥದ ಉತ್ತರ ಹುಡುಗನಿಂದ ಬರುತ್ತದೆ.

ಟಿಬೆಟಿನ ಬೌದ್ಧರು ಗುರು ರಿನ್ಪೋಚೆ ಎಂದು ಕರೆದು, ಎರಡನೆಯ ಬುದ್ಧನೆಂದೇ ಪೂಜಿಸುವ ಪದ್ಮಸಂಭವನ ಹುಟ್ಟಿನ ಕಥೆಯಿದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಪೆನೋರ್ ರಿನ್ಪೋಚೆ 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇಗುಲಕ್ಕೆ ಹೋದವರು ಅವನನ್ನು ನೋಡಿರುತ್ತಾರೆ. ಬುದ್ಧನ ಪಕ್ಕದಲ್ಲಿ, ಅಗಲವಾಗಿ ತೆರೆದ ಕಣ್ಣಿನ, ಸಣ್ಣ ಮೀಸೆಯ ಆ ಮೂರ್ತಿ ಅವನದೇ.

ಇಂಥ ಕಥೆಯ ಮುಂದೆ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತೇವೆ. ಇದೆಲ್ಲ ಕಟ್ಟುಕಥೆ ಎಂದು ಕೈತೊಳೆದುಕೊಳ್ಳುವುದು ಒಂದು. ಇದೆಲ್ಲ ಸಂಕೇತ, ಕೆಸರು ಅಂಟದ ತಾವರೆ ನಿರ್ಲಿಪ್ತ ಮನಸ್ಸಿನ ಗುರುತು ಎಂದು ಸಮಾಧಾನಪಟ್ಟುಕೊಳ್ಳುವುದು ಇನ್ನೊಂದು. ಎರಡನೆಯದು ಭಕ್ತಿಯಂತೆ ಕಂಡರೂ ಕಥೆಯನ್ನು ಗಂಭೀರವಾಗಿ ತೆಗೆದುಕೊಂಡಂತಲ್ಲ. ಸಂಕೇತವಾದರೆ ಅದನ್ನು ಯಾರೋ ಆರಿಸಿಕೊಂಡಿದ್ದಾರೆ, ಆರಿಸುವಾಗ ಏನನ್ನೋ ಬಿಟ್ಟಿದ್ದಾರೆ. ಇಲ್ಲಿ ಬಿಟ್ಟುಹೋಗಿರುವುದು ಒಬ್ಬ ಹೆಣ್ಣು. ಏಕೆ ಎಂದು ಕೇಳುವುದು ಅಶ್ರದ್ಧೆಯಲ್ಲ ಎಂದು ನಾನು ನಂಬಿದ್ದೇನೆ.

ಕಥೆಯ ಶಕ್ತಿಯನ್ನು ಮೊದಲು ಒಪ್ಪಿಕೊಳ್ಳಬೇಕು. ಅರಸನ ಪ್ರಶ್ನೆಗಳು ನಮಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಗಳು. ಯಾವೂರು, ಯಾರ ಮಗ, ಯಾವ ಪೈಕಿ ಎಂದು ಕೇಳಿದ ಮೇಲೇ ನಮ್ಮಲ್ಲಿ ಮನುಷ್ಯನಿಗೆ ನೀರು ಕೊಡುವುದೋ ಬಿಡುವುದೋ ನಿರ್ಧಾರವಾಗುತ್ತಿತ್ತು. ಈಗಲೂ ಎಷ್ಟೋ ಕಡೆ ಹಾಗೇ ಇದೆ. ಆ ಹುಡುಗ ಒಂದು ಪ್ರಶ್ನೆಯಿಂದಲೂ ತಪ್ಪಿಸಿಕೊಳ್ಳುವುದಿಲ್ಲ. ಎಲ್ಲಕ್ಕೂ ಉತ್ತರ ಕೊಟ್ಟು, ಪ್ರಶ್ನೆಯ ಬುಡವನ್ನೇ ಕಿತ್ತುಹಾಕುತ್ತಾನೆ. ಅವನನ್ನು ಯಾವ ಕುಲಕ್ಕೂ ಸೇರಿಸಲು ಬರುವುದಿಲ್ಲ. ಮುಂದೆ ಜಾಹೋರಿನ ರಾಜಕುಮಾರಿ ಮಂದಾರವೆ ಅವನ ಶಿಷ್ಯೆಯಾದಾಗ, ಎಲ್ಲಿಂದಲೋ ಬಂದ ಅಲೆಮಾರಿಯ ಜೊತೆ ಮಗಳಿದ್ದಾಳೆಂದು ಅವಳ ತಂದೆ ಅವನನ್ನು ಬೆಂಕಿಗೆ ಹಾಕಿಸುತ್ತಾನೆ, ಬೆಂಕಿ ಸರೋವರವಾಗುತ್ತದೆ. ಹಿಮಾಚಲದ ಮಂಡಿ ಜಿಲ್ಲೆಯ ರೇವಾಲ್ಸರ್ ಕೆರೆಯೇ ಅದು ಎಂದು ಇಂದಿಗೂ ಯಾತ್ರಿಕರು ಅದಕ್ಕೆ ಪ್ರದಕ್ಷಿಣೆ ಬರುತ್ತಾರೆ. ಬುಡ ಗೊತ್ತಿಲ್ಲದವನನ್ನು ಲೋಕ ಏನು ಮಾಡುತ್ತದೆ ಎಂಬುದು ಈ ಕಥೆಗೆ ಚೆನ್ನಾಗಿ ತಿಳಿದಿದೆ.

ಆದರೆ ಕುಲವನ್ನು ಅಲ್ಲಗಳೆಯಲು ತಾಯಿಯನ್ನೂ ಅಲ್ಲಗಳೆಯಬೇಕಿತ್ತೇ?

ಇದೇ ಪ್ರಶ್ನೆ ಬುದ್ಧನ ಮುಂದೆಯೂ ಬಂದಿತ್ತು. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಅಸ್ಸಲಾಯನ ಸುತ್ತದಲ್ಲಿ ಹದಿನಾರರ ತರುಣನೊಬ್ಬ ಬರುತ್ತಾನೆ. ವೇದಗಳನ್ನು ಓದಿಕೊಂಡ ಬುದ್ಧಿವಂತ. ಶ್ರಾವಸ್ತಿಯಲ್ಲಿ ನೆರೆದಿದ್ದ ಐನೂರು ಮಂದಿ ಬ್ರಾಹ್ಮಣರು ಒತ್ತಾಯ ಮಾಡಿ ಅವನನ್ನು ವಾದಕ್ಕೆ ಕಳಿಸಿದ್ದಾರೆ. ಬ್ರಾಹ್ಮಣರು ಬ್ರಹ್ಮನ ಬಾಯಿಂದ ಹುಟ್ಟಿದವರು, ಆದ್ದರಿಂದ ಶ್ರೇಷ್ಠರು ಎನ್ನುವುದು ಅವನು ತಂದ ವಾದ. ಅದೂ ಒಂದು ಅಲೌಕಿಕ ಹುಟ್ಟಿನ ಕಥೆಯೇ. ಬುದ್ಧ ಅದಕ್ಕೆ ಎದುರಾಗಿ ಮತ್ತೊಂದು ಅಲೌಕಿಕ ಕಥೆ ಹೇಳುವುದಿಲ್ಲ. ಬ್ರಾಹ್ಮಣರ ಹೆಂಗಸರು ಮುಟ್ಟಾಗುವುದನ್ನು, ಬಸಿರಾಗುವುದನ್ನು, ಹೆರುವುದನ್ನು, ಮಗುವಿಗೆ ಹಾಲೂಡುವುದನ್ನು ಎಲ್ಲರೂ ಕಾಣುತ್ತಾರಲ್ಲ, ಹಾಗೆ ಹುಟ್ಟಿದವರೇ ತಾವು ಬಾಯಿಂದ ಹುಟ್ಟಿದೆವು ಎನ್ನುವುದು ಹೇಗೆ ಎಂದು ಕೇಳುತ್ತಾನೆ. ಅಲ್ಲಿಗೇ ನಿಲ್ಲದೆ ಅಸಿತ ದೇವಲನೆಂಬ ಕಪ್ಪು ಮೈಯ ಋಷಿಯ ಕಥೆ ತೆಗೆಯುತ್ತಾನೆ. ಕುಲದ ಹೆಮ್ಮೆಯಲ್ಲಿದ್ದ ಏಳು ಮಂದಿ ಋಷಿಗಳನ್ನು ಅಸಿತ ಕೇಳುತ್ತಾನೆ: ನಿಮ್ಮ ಹೆತ್ತ ತಾಯಿ, ಅವಳ ತಾಯಿ, ಹೀಗೆ ಏಳು ತಲೆಮಾರಿನ ತಾಯಂದಿರು ಬ್ರಾಹ್ಮಣರನ್ನಷ್ಟೇ ಕೂಡಿದರೆಂದು ನಿಮಗೆ ಗೊತ್ತೇ? ಗೊತ್ತಿಲ್ಲ ಎನ್ನುತ್ತಾರೆ. ಹಾಗಾದರೆ ನೀವು ಯಾರೆಂದು ನಿಮಗೆ ಗೊತ್ತೇ? ಅದೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ.

ಭಾರತದ ವೈಚಾರಿಕ ಚರಿತ್ರೆಯಲ್ಲಿ ಇಷ್ಟು ನೇರವಾದ ವಾದ ಅಪರೂಪ. ಮುಟ್ಟು, ಬಸಿರು, ಹೆರಿಗೆ, ಮೊಲೆಹಾಲು — ಶಾಸ್ತ್ರಗಳು ಮೈಲಿಗೆಯೆಂದು ಬದಿಗಿಟ್ಟಿದ್ದನ್ನೇ ಬುದ್ಧ ಸಾಕ್ಷಿಯಾಗಿ ಮುಂದಕ್ಕೆ ತರುತ್ತಾನೆ. ಇಲ್ಲಿ ಮನುಷ್ಯರ ಸಮಾನತೆಗೆ ಆಧಾರ ಆತ್ಮವೂ ಅಲ್ಲ, ಬಯಲೂ ಅಲ್ಲ, ಹೆಣ್ಣಿನ ಗರ್ಭ. ಎಲ್ಲರೂ ಬಂದ ಬಾಗಿಲು ಅದೊಂದೇ ಆದ್ದರಿಂದ ಮೇಲುಕೀಳಿಗೆ ಜಾಗವಿಲ್ಲ.

ಆದರೂ ಈ ಧೈರ್ಯ ಬೌದ್ಧ ಪರಂಪರೆಯಲ್ಲಿ ಒಂದೇ ಸಮನೆ ಉಳಿಯಲಿಲ್ಲ. ಅದೇ ಮಜ್ಝಿಮ ನಿಕಾಯದ ಇನ್ನೊಂದು ಸುತ್ತದಲ್ಲಿ ಬೋಧಿಸತ್ವ ಗರ್ಭದ ನೀರು, ರಕ್ತ ಯಾವುದೂ ಅಂಟದೆ ನಿರ್ಮಲವಾಗಿ ಹೊರಬರುತ್ತಾನೆ, ಹೆತ್ತ ಏಳು ದಿನಕ್ಕೆ ತಾಯಿ ತೀರಿಕೊಳ್ಳುತ್ತಾಳೆ. ಅಶ್ವಘೋಷನ ಬುದ್ಧಚರಿತದಲ್ಲಿ ಮಗು ಮಾಯಾದೇವಿಯ ಪಕ್ಕೆಯಿಂದ ಹುಟ್ಟುತ್ತದೆ. ಕವಿ ಅಲ್ಲಿ ತೊಡೆಯಿಂದ ಹುಟ್ಟಿದ ಔರ್ವ, ಕೈಯಿಂದ ಹುಟ್ಟಿದ ಪೃಥು, ತಲೆಯಿಂದ ಹುಟ್ಟಿದ ಮಾಂಧಾತೃ ಇವರನ್ನೆಲ್ಲ ನೆನೆಯುತ್ತಾನೆ. ಬಾಯಿಂದ ಹುಟ್ಟಿದೆವು ಎಂದವರನ್ನು ಪ್ರಶ್ನಿಸಿದವನನ್ನು ಅದೇ ಪಂಕ್ತಿಯಲ್ಲಿ ತಂದು ಕೂರಿಸಿದ ಹಾಗಾಯಿತು. ಲಲಿತವಿಸ್ತರ ಇನ್ನೂ ಮುಂದಕ್ಕೆ ಹೋಗಿ, ಗರ್ಭದ ಸೋಂಕು ತಗುಲದಂತೆ ತಾಯಿಯ ಹೊಟ್ಟೆಯೊಳಗೇ ಒಂದು ರತ್ನದ ಮಂಟಪ ಕಟ್ಟುತ್ತದೆ. ಲುಂಬಿನಿಯಲ್ಲಿ 1896ರಲ್ಲಿ ಬೆಳಕಿಗೆ ಬಂದ ಅಶೋಕನ ಕಂಬದ ಶಾಸನದಲ್ಲಿ ಇದಾವುದೂ ಇಲ್ಲ. ಶಾಕ್ಯಮುನಿ ಬುದ್ಧ ಇಲ್ಲಿ ಹುಟ್ಟಿದ, ಆದ್ದರಿಂದ ಈ ಹಳ್ಳಿಯ ಕಂದಾಯ ಎಂಟನೆಯ ಒಂದು ಭಾಗಕ್ಕೆ ಇಳಿದಿದೆ ಎನ್ನುತ್ತದೆ ಅಷ್ಟೇ.

ಪದ್ಮಸಂಭವನ ತಾವರೆಗೆ ಹತ್ತಿರದ ಮೂಲ ಇರುವುದು ಅಮಿತಾಭ ಬುದ್ಧನ ಶುದ್ಧಲೋಕವಾದ ಸುಖಾವತಿಯಲ್ಲಿ. ಪದ್ಮಸಂಭವ ಅಮಿತಾಭನ ಅವತಾರ, ಅವನ ಹೃದಯದ ಬೆಳಕೇ ಸರೋವರದ ಹೂವಿಗೆ ಇಳಿಯಿತು ಎನ್ನುತ್ತದೆ ಪರಂಪರೆ. ಸುಖಾವತಿಯಲ್ಲಿ ಎಲ್ಲರೂ ಹುಟ್ಟುವುದು ತಾವರೆಗಳಲ್ಲೇ. ಹಿರಿಯ ಸುಖಾವತೀವ್ಯೂಹ ಸೂತ್ರದ ಒಂದು ವಿವರ ನನ್ನನ್ನು ಬಹಳ ಕಾಡಿದೆ. ಅಮಿತಾಭನಲ್ಲಿ ಸಂದೇಹ ಇಟ್ಟುಕೊಂಡೇ ಅಲ್ಲಿಗೆ ಹೋದವರ ತಾವರೆ ಅರಳುವುದಿಲ್ಲ. ಐನೂರು ವರ್ಷ ಅವರು ಮುಚ್ಚಿದ ಹೂವಿನೊಳಗೇ, ಅರಮನೆಯಷ್ಟು ಸುಖವಿದ್ದರೂ ಬುದ್ಧನನ್ನು ಕಾಣದೆ ಕಳೆಯಬೇಕು. ಆ ಸ್ಥಿತಿಗೆ ಸೂತ್ರ ಕೊಡುವ ಹೆಸರು ಗರ್ಭವಾಸ. ಅಸ್ಸಲಾಯನನ ಮುಂದೆ ಸಾಕ್ಷಿಯಾಗಿ ನಿಂತ ಗರ್ಭ ಇಲ್ಲಿ ಸಂದೇಹಕ್ಕೆ ಸಿಕ್ಕ ದಂಡನೆಯಾಗಿದೆ.

ಹುಟ್ಟೇ ದುಃಖ ಎಂದು ಬುದ್ಧನೇ ಹೇಳಿದ್ದಾನಲ್ಲ, ಗರ್ಭವನ್ನು ದಾಟುವ ಆಸೆ ಅಲ್ಲಿಂದಲೇ ಬಂದದ್ದು ಎಂದು ಯಾರಾದರೂ ಹೇಳಬಹುದು. ಮಾತು ತೂಕದ್ದೇ. ಆದರೆ ದುಃಖ ಬೇರೆ, ಮೈಲಿಗೆ ಬೇರೆ. ದುಃಖವೆಂದರೆ ಹೆರುವವಳ ನೋವಿಗೂ ಹುಟ್ಟುವ ಮಗುವಿನ ಅಳುವಿಗೂ ಅಲ್ಲಿ ಜಾಗವಿದೆ, ಕರುಣೆಗೆ ಕೆಲಸವಿದೆ. ಮೈಲಿಗೆ ಎಂದ ಕೂಡಲೇ ಹೆರುವವಳು ಹೊರಗೆ. ರತ್ನದ ಮಂಟಪ ಕಟ್ಟಿದ ಕವಿಗೆ ನೋವಿನ ಚಿಂತೆಗಿಂತ ಸೋಂಕಿನ ಚಿಂತೆ ಹೆಚ್ಚಾಗಿತ್ತು. ತಾವರೆಯ ಕಥೆ ತಂದೆಯನ್ನೂ ಬಿಟ್ಟಿದೆಯಲ್ಲ ಎಂಬ ಇನ್ನೊಂದು ಸಮಾಧಾನವೂ ನಿಲ್ಲುವುದಿಲ್ಲ. ಬಿಟ್ಟ ತಂದೆ ಕಥೆಯಲ್ಲಿ ಎರಡು ಸಲ ವಾಪಸು ಬರುತ್ತಾನೆ. ಮೇಲೆ ಅಮಿತಾಭ, ಕೆಳಗೆ ಮಗುವನ್ನು ಅರಮನೆಗೆ ಕರೆದೊಯ್ದು ಯುವರಾಜನನ್ನಾಗಿ ಮಾಡುವ ಇಂದ್ರಭೂತಿ. ತಾಯಿಯ ಜಾಗ ಮಾತ್ರ ಬಯಲಾಗಿಯೇ ಉಳಿಯುತ್ತದೆ.

ಹಾಗಿದ್ದರೆ ಈ ಕಥೆ ಬೇಕಾಗಿದ್ದು ಯಾರಿಗೆ? ಬಾ ಮನೆತನದ ಹೆಸರಿನಲ್ಲಿರುವ ಹಳೆಯ ಟಿಬೆಟನ್ ವೃತ್ತಾಂತದಲ್ಲಿ ಕಾಣುವ ಪದ್ಮಸಂಭವನೇ ಬೇರೆ. ಎಂಟನೆಯ ಶತಮಾನದಲ್ಲಿ ಅರಸ ತ್ರಿಸೋಂಗ್ ದೇತ್ಸೆನ್ ಆಚಾರ್ಯ ಶಾಂತರಕ್ಷಿತನನ್ನು ಕರೆಸುತ್ತಾನೆ. ನೆರೆ, ಸಿಡಿಲು, ರೋಗಗಳು ಬಂದದ್ದೇ ಈ ಪರದೇಶಿಯಿಂದ ಎಂದು ಗುಲ್ಲೆದ್ದಾಗ ಶಾಂತರಕ್ಷಿತ ಸೂಚಿಸುವ ಹೆಸರು ಪದ್ಮಸಂಭವನದು. ಅವನು ಬಂದು ನೆಲದ ದೈವಗಳನ್ನು ಒಲಿಸಿ ಕಟ್ಟುಹಾಕುತ್ತಾನೆ, ಸಮ್ಯೆ ವಿಹಾರಕ್ಕೆ ದಾರಿಯಾಗುತ್ತದೆ. ಆಮೇಲೆ ಮರಳುಗಾಡಿನಂಥ ಕಣಿವೆಯಲ್ಲಿ ನೀರು ಹರಿಸಿ ಹಸಿರು ಮಾಡುತ್ತೇನೆ ಎನ್ನುತ್ತಾನೆ. ಮಂತ್ರಿಗಳಿಗೆ ಗುಮಾನಿ ಬರುತ್ತದೆ. ನೀರಿನ ನೆಪದಲ್ಲಿ ರಾಜ್ಯಕ್ಕೇ ಕೈಹಾಕಿಯಾನು ಎಂಬ ಭಯ. ಅರಸ ಅವನನ್ನು ಉಡುಗೊರೆ ಕೊಟ್ಟು ಹಿಂದಕ್ಕೆ ಕಳಿಸಿಬಿಡುತ್ತಾನೆ. ಕೆಲಸ ಅರ್ಧಕ್ಕೇ ನಿಂತಿತು. ಈ ಪದ್ಮಸಂಭವ ನನಗೆ ತುಂಬ ಹತ್ತಿರದವನು: ನೀರಿನ ಯೋಜನೆ ಇಟ್ಟುಕೊಂಡು ಬಂದು, ಅನುಮಾನಕ್ಕೆ ಗುರಿಯಾಗಿ ಊರು ಬಿಟ್ಟ ಹೊರಗಿನ ಮನುಷ್ಯ.

ಅವನ ಸಂಪೂರ್ಣ ಚರಿತ್ರೆಯೊಂದು, ತಾವರೆಯ ಹುಟ್ಟಿನೊಂದಿಗೆ, ನ್ಯಾಂಗ್ರೆಲ್ ನ್ಯಿಮಾ ಓಝೆರ್‌ನಿಂದ ಪ್ರಚಾರಕ್ಕೆ ಬಂದದ್ದು 12ನೆಯ ಶತಮಾನದಲ್ಲಿ. ನಡುವೆ ಕಳೆದದ್ದು ಸುಮಾರು ನಾನೂರು ವರ್ಷ. ಆ ಹೊತ್ತಿಗೆ ಟಿಬೆಟಿನಲ್ಲಿ ಹೊಸ ಅನುವಾದಗಳ ಪಂಥಗಳು ಎದ್ದಿದ್ದವು. ನಿಮ್ಮ ತಂತ್ರಗ್ರಂಥಗಳ ಸಂಸ್ಕೃತ ಮೂಲ ಎಲ್ಲಿದೆ, ಇವು ಭಾರತದಿಂದ ಬಂದವೋ ಇಲ್ಲೇ ಯಾರೋ ಬರೆದವೋ ಎಂದು ಅವು ಹಳೆಯ ನ್ಯಿಂಗ್ಮಾ ಪಂಥವನ್ನು ಕೇಳುತ್ತಿದ್ದವು. ಕುಲದ ಪ್ರಶ್ನೆ ಈಗ ಮನುಷ್ಯರನ್ನು ಬಿಟ್ಟು ಪುಸ್ತಕಗಳಿಗೆ ಬಂದಿತ್ತು. ಇದಕ್ಕೆ ನ್ಯಿಂಗ್ಮಾದವರಲ್ಲಿದ್ದ ಒಂದು ಉತ್ತರ, ಪದ್ಮಸಂಭವನೇ ನೆಲದಲ್ಲಿ, ಬಂಡೆಯಲ್ಲಿ ಅಡಗಿಸಿಟ್ಟ ನಿಧಿಗಳು ತಮಗೆ ಸಿಗುತ್ತಿವೆ ಎಂಬುದು. ಹುಟ್ಟಿನ ಚೀಟಿ ಕೇಳುವವರಿಗೆ, ಹುಟ್ಟಿನ ಲೆಕ್ಕಕ್ಕೇ ಸಿಗದ ಗುರುವನ್ನು ತೋರಿಸಿದ ಹಾಗೆ. ತಾವರೆಯ ಹುಡುಗ ಅರಸನಿಗೆ ಕೊಟ್ಟ ಉತ್ತರದಲ್ಲಿ ಒಂದು ಪಂಥವೇ ತನ್ನ ಮೇಲೆ ಬಂದ ಪ್ರಶ್ನೆಗೂ ಉತ್ತರ ಕಂಡುಕೊಂಡಿರಬೇಕು ಎಂದು ನನಗನ್ನಿಸುತ್ತದೆ. ಅದನ್ನು ಮೋಸವೆನ್ನಲಾರೆ. ಮೂಲ ತೋರಿಸು ಎಂದು ಗದರಿಸಿದವರ ಮುಂದೆ ನಿಂತವರ ಸಂಕಟ ಅದರಲ್ಲಿದೆ.

ಪರಂಪರೆಯೂ ಒಂದೇ ಕಥೆಗೆ ಕಟ್ಟುಬಿದ್ದಿರಲಿಲ್ಲ. ತಾರಾನಾಥ (1575–1634) ಬರೆದ ಚರಿತ್ರೆಯಲ್ಲಿ ಪದ್ಮಸಂಭವ ಎಲ್ಲರಂತೆ ಗರ್ಭದಿಂದ ಹುಟ್ಟಿದನೆಂಬ ವೃತ್ತಾಂತಕ್ಕೂ ಜಾಗ ಸಿಕ್ಕಿದೆ. ಟಿಬೆಟಿನ ಬೋನ್ ಮತದವರು ಅವನನ್ನು ತಮ್ಮ ಗುರು ದ್ರೆನ್ಪಾ ನಮ್‌ಖಾನ ಅವಳಿ ಮಕ್ಕಳಲ್ಲಿ ಒಬ್ಬನೆನ್ನುತ್ತಾರೆ.

ಕನ್ನಡದವರಿಗೆ ಇಲ್ಲಿ ಬಸವಣ್ಣನ ನೆನಪು ಬಾರದೆ ಇರದು. ಹುಟ್ಟಿದ ಕುಲ ಅವನಿಗೂ ಹೊರೆಯಾಗಿತ್ತು. ಅಯೋನಿಜನೆನಿಸಿಕೊಳ್ಳುವ ಆಸೆಯನ್ನು ಆತ ಪಡಲಿಲ್ಲ. ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ, ಬೆರಣಿ ಆಯಲು ಹೋದ ಹೊಲದಲ್ಲಿ ಆದ ಸಂಗದಿಂದ ಹುಟ್ಟಿದವನು ತಾನು ಎಂದು ತನಗೊಂದು ಹೊಸ ಹುಟ್ಟನ್ನೇ ಹೇಳಿಕೊಂಡ. ಇದೂ ಚರಿತ್ರೆಯಲ್ಲ, ಕಟ್ಟಿಕೊಂಡ ಮೂಲಕಥೆಯೇ. ಆದರೆ ಇದರಲ್ಲಿ ಹೊಲವಿದೆ, ಬೆರಣಿಯಿದೆ, ಬಸಿರಾಗುವ ಒಬ್ಬ ಹುಡುಗಿಯಿದ್ದಾಳೆ. ಕುಲವನ್ನು ಬಿಡಲು ಗರ್ಭದಿಂದ ಮೇಲಕ್ಕೆ ಹಾರಬೇಕಿಲ್ಲ, ಇನ್ನಷ್ಟು ಕೆಳಗಿನ ಮನೆಯ ಗರ್ಭವನ್ನು ತನ್ನದೆನ್ನಬಹುದು. ಅಸ್ಸಲಾಯನ ಸುತ್ತದ ಬುದ್ಧನಿಗೆ ಈ ದಾರಿ ಒಪ್ಪಿಗೆಯಾಗುತ್ತಿತ್ತು. ಎರಡು ದಾರಿಗಳಲ್ಲಿ ನನ್ನ ಮತ ಇದಕ್ಕೆ. ಬಯಲಿನ ಮಗನಾದವನು ತಾನೊಬ್ಬ ಕುಲದಾಚೆ ಹೋಗುತ್ತಾನೆ. ದಾಸಿಯ ಮೊಮ್ಮಗನಾದವನ ಜೊತೆ ಆ ದಾಸಿಯೂ ಬರುತ್ತಾಳೆ.

ಬೈಲಕುಪ್ಪೆಯ ಮೂರ್ತಿಗೆ ಮತ್ತೆ ಬರುವುದಾದರೆ, ಪದ್ಮಸಂಭವನ ಬಲಗೈಯಲ್ಲಿ ವಜ್ರ, ಎಡಗೈಯಲ್ಲಿ ಕಪಾಲ, ಎಡದೋಳಿಗೆ ಒರಗಿಸಿಕೊಂಡ ಖಟ್ವಾಂಗವೆಂಬ ದಂಡ ಇರುವುದು ವಾಡಿಕೆ. ಆ ಖಟ್ವಾಂಗವನ್ನು ಮರೆಯಲ್ಲಿರುವ ಅವನ ಸಂಗಾತಿಯ ರೂಪವೆಂದೇ ಬಲ್ಲವರು ಹೇಳುತ್ತಾರೆ. ಹೆಣ್ಣು ಇಲ್ಲಿ ಇಲ್ಲವೆಂದಲ್ಲ. ಮಂದಾರವೆ ಇದ್ದಾಳೆ. ಎಲ್ಲಕ್ಕಿಂತ ಮುಖ್ಯವಾಗಿ ಟಿಬೆಟಿನ ಯೇಶೆ ತ್ಸೋಗ್ಯಾಲ್ ಇದ್ದಾಳೆ. ಗುರುವಿನ ಮಾತುಗಳನ್ನು ನೆನಪಿಟ್ಟು ಬರೆದವಳು, ನಿಧಿಗಳನ್ನು ಅಡಗಿಸಿದವಳು, ತಾವರೆಯ ಹುಟ್ಟಿನ ಚರಿತ್ರೆಯನ್ನು ದಾಖಲಿಸಿದವಳು ಎಂದು ಪರಂಪರೆ ಹೇಳುವುದು ಅವಳನ್ನೇ. ಅವಳ ಜೀವನಕಥೆಯಲ್ಲಿ ಅವಳಿಗೆ ತಾಯಿಯಿದ್ದಾಳೆ, ತಂದೆಯಿದ್ದಾನೆ, ಬಸಿರಿದೆ, ಹೆರಿಗೆಯಿದೆ. ಅವಳು ಹುಟ್ಟಿದಾಗ ಊರ ಪಕ್ಕದ ಸರೋವರ ಉಕ್ಕಿ ದೊಡ್ಡದಾಯಿತಂತೆ. ಸಮ್ಯೆಯ ಸೀಮೆಯಲ್ಲಿರುವ ಆ ಸರೋವರಕ್ಕೆ ಈಗಲೂ ಜನ ಹೋಗುತ್ತಾರೆ. ಅಲ್ಲಿ ಮಹಿಮೆಗಾಗಿ ಹೆತ್ತವಳನ್ನು ಯಾರೂ ಕಥೆಯಿಂದ ತೆಗೆಯಬೇಕಾಗಿ ಬರಲಿಲ್ಲ. ಗುರುವಿನ ಹುಟ್ಟನ್ನು ಹೇಳುವಾಗ ಬೇಕಾಗಿದ್ದ ತಾವರೆ ಶಿಷ್ಯೆಯ ಹುಟ್ಟಿಗೆ ಏಕೆ ಬೇಕಾಗಲಿಲ್ಲ ಎಂದು ನ್ಯಿಂಗ್ಮಾದ ಆಚಾರ್ಯರನ್ನೂ, ಇಂದು ಅದೇ ನಾಮ್‌ಡ್ರೋಲಿಂಗ್‌ನಲ್ಲಿ ಶಾಸ್ತ್ರ ಓದುತ್ತಿರುವ ಭಿಕ್ಷುಣಿಯರನ್ನೂ ಕೇಳಬೇಕೆಂದಿದೆ. ಭಿಕ್ಷುಣಿಯರ ಉತ್ತರವನ್ನು ಮೊದಲು ಕೇಳುವ ಆಸೆ ನನಗೆ.