ಅರ್ಧ ಹೊಲಿದ ಕೌದಿ ಮತ್ತು ಪರಿಮಾಣವ್ರತ

ರಾಯಚೂರು, ದೇವದುರ್ಗ, ಮಾನ್ವಿಯ ಮನೆಗಳಲ್ಲಿ ಹಳೆಯ ಸೀರೆ-ಧೋತರಗಳನ್ನು ಕೂಡಿಸಿ ಕೌದಿ ಹೊಲಿಯುವುದು ಮಿತವ್ಯಯದ ಸಂಸ್ಕಾರ. ಆದರೆ ಒಂದು ಮುಗಿಯುವ ಮುನ್ನವೇ ಇನ್ನೊಂದು ಕೌದಿ, ಜೊತೆಗೆ ಹೆಣಿಗೆ, ಕಸೂತಿ ಎಂದು ಆರಂಭಿಸುತ್ತ ಹೋದರೆ ಅದು ಪರಿಗ್ರಹವೇ? ಹಳೆಯ ಬಟ್ಟೆಗೆ ಬೆಲೆಯಿಲ್ಲ, ದೋಷವೆಲ್ಲಿ ಎನ್ನಬಹುದು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಬೆಲೆಯಿಂದಲ್ಲ, ಮೂರ್ಛೆಯಿಂದ, ಅಂದರೆ ಮಮಕಾರದಿಂದ ಗುರುತಿಸುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯು, ಗೃಹಸ್ಥನು ಮಿತಿಗೊಳಿಸಬೇಕಾದ ‘ಕುಪ್ಯ’ದಲ್ಲಿ ಹತ್ತಿ, ರೇಷ್ಮೆಗಳನ್ನೂ ಎಣಿಸಿದೆ.

ಎಂದಾದರೂ ಹೊಲಿದೇವೆಂದು ಟ್ರಂಕಿನಲ್ಲಿಟ್ಟ ಗಂಟಿನಲ್ಲಿ ನುಸಿ ಹುಟ್ಟುತ್ತದೆ, ಕೊಡವಿದಾಗ ಜೀವಹಾನಿ. ಅತ್ತ ಚಳಿಯಲ್ಲಿ ನಡುಗುವವನಿಗೆ ಹೊದಿಕೆಯಿಲ್ಲ. ಹಾಗೆಂದು ಹಲವು ಕೆಲಸ ಹಿಡಿಯುವುದೇ ದೋಷವಲ್ಲ. ಕಣ್ಣು ದಣಿದಾಗ ಸೂಜಿಯನ್ನಿಟ್ಟು ಹೆಣಿಗೆ ಹಿಡಿಯುವುದು ವಿವೇಕ. ದೋಷವಿರುವುದು ಮಿತಿಯಿಲ್ಲದಿರುವುದರಲ್ಲಿ. ಆದುದರಿಂದ ಶ್ರಾವಿಕೆಯರು ಒಂದು ಸಂಖ್ಯೆಯನ್ನು ಮೊದಲೇ ನಿಶ್ಚಯಿಸಲಿ. ಅದು ತುಂಬಿದರೆ ಒಂದನ್ನು ಮುಗಿಸಿಯೋ, ಬಟ್ಟೆಯನ್ನು ಹೊಲಿಯಬಲ್ಲವರಿಗೆ ದಾನವಿತ್ತೋ ಮುಂದಿನದನ್ನು ಕೈಗೊಳ್ಳಲಿ.